ಕೂವೆಮರವೂ ಒಂದು ಸಣ್ಣ ಪಿನ್ನೂ

ಬಾಲಿಗಂಜಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ರವೀಂದ್ರ ಸರೋವರದ ದಂಡೆಯಲ್ಲಿ ಒಮ್ಮೆಯಾದರೂ ಬೆಳಗಿನ ನಡಿಗೆ ಮಾಡದವರು ವಿರಳ. 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ ತೋಡಿಸಿದ, ಮೊದಲು ಢಾಕುರಿಯಾ ಲೇಕ್ ಎನಿಸಿಕೊಂಡಿದ್ದ ಈ ಸರೋವರದಲ್ಲಿ ಉದ್ದನೆಯ ಹುಟ್ಟುದೋಣಿಗಳು ಸದ್ದಿಲ್ಲದೆ ಸರಿಯುವ ನೋಟ ಕಣ್ಣಿಗೆ ಹಿತವಾದುದು. ಆದರೆ 2022ರ ಮೇ 21ರಂದು ಕಾಲವೈಶಾಖಿ ಎರಗಿದಾಗ ಅಂತಹ ಒಂದು ದೋಣಿ ಮಗುಚಿ, ಶಾಲಾ ಸ್ಪರ್ಧೆಗೆಂದು ಅಭ್ಯಾಸ ಮಾಡುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಇದೇ ನೀರಿನಲ್ಲಿ ಪ್ರಾಣ ಕಳೆದುಕೊಂಡರು.

ಹುಟ್ಟುದೋಣಿಗೆ ಕೂವೆಮರವಿಲ್ಲ, ಹಾಯಿಯಿಲ್ಲ. ಆದರೂ ಗಾಳಿ ಅದನ್ನು ಬಿಡಲಿಲ್ಲ. ಹೀಗಿರುವಾಗ ಎತ್ತರದ ಮರಕ್ಕೆ ಹಾಯಿ ಕಟ್ಟಿ ಗಾಳಿಯನ್ನೇ ಕರೆದು ಕೂರಿಸಿಕೊಳ್ಳುವ ದೋಣಿಯ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೇಸಿಗೆಯ ರಜೆಯಲ್ಲಿ ಕರಾವಳಿಗೆ ಹೋಗುವ ನಮ್ಮ ಮಕ್ಕಳನ್ನು ಈಚೆಗೆ ಸೆಳೆಯುತ್ತಿರುವುದು ಜೋಡಿ ಒಡಲಿನ ಪುಟ್ಟ ಹಾಯಿದೋಣಿ, ಅರ್ಥಾತ್ ಕಟಮರಾನ್. ತಮಿಳಿನ ಕಟ್ಟುಮರಂ, ಎಂದರೆ ಒಟ್ಟಿಗೆ ಬಿಗಿದು ಕಟ್ಟಿದ ಮರದ ದಿಮ್ಮಿಗಳು, ಕಡಲು ದಾಟಿ ಇಂಗ್ಲಿಷಿಗೆ ಹೋಗಿ ಬೇರೊಂದು ರೂಪದ ದೋಣಿಗೆ ಹೆಸರಾಗಿ ಹಿಂತಿರುಗಿದೆ.

ಈ ಜಾತಿಯ ದೋಣಿಗಳಲ್ಲಿ ಬಹು ಪ್ರಸಿದ್ಧವಾದುದು ಹೋಬಿ 16. ಅದರ ಉದ್ದ ಸುಮಾರು 5 ಮೀಟರ್. ಅಲ್ಯೂಮಿನಿಯಂ ಕೂವೆಮರದ ಎತ್ತರವಾದರೋ 8 ಮೀಟರ್. ಇಷ್ಟೆತ್ತರದ ಮರವನ್ನು ದೋಣಿಗೆ ಹೂಳಿರುವುದಿಲ್ಲ. ಅದರ ಬುಡ ಒಂದು ಪೀಠದ ಮೇಲೆ ಸುಮ್ಮನೆ ಕುಳಿತು, ಹಾಯಿಯೊಡನೆ ಅತ್ತಿತ್ತ ತಿರುಗುತ್ತದೆ. ಮರ ನಿಂತಿರುವುದು ಮುಂದಿನ ಒಂದು, ಪಕ್ಕದ ಎರಡು ತಂತಿಗಳ ಬಿಗಿತದಿಂದ. ದೋಣಿ ವಾಲಿದಾಗ ಸಮತೋಲಕ್ಕೆಂದು ಹೊರಗೆ ನೇತಾಡುವ ನಾವಿಕನ ಭಾರವೂ ಕೂವೆಮರಕ್ಕೇ ಬೀಳುತ್ತದೆ. ತಂತಿಯನ್ನು ಹಿಡಿದಿರುವುದು ಒಂದು ಕೊಂಡಿ, ಕೊಂಡಿಯನ್ನು ಹಿಡಿದಿರುವುದು ಒಂದು ಪಿನ್ನು, ಪಿನ್ನು ಜಾರದಂತೆ ತಡೆದಿರುವುದು ಕಿವಿಯ ಓಲೆಗಿಂತ ದೊಡ್ಡದಲ್ಲದ ಒಂದು ಸುರುಳಿಬಳೆ. ಈ ಬಳೆ ಕಳಚಿದರೆ ಮಿಕ್ಕ ಬೆಲೆಬಾಳುವ ಸಾಮಗ್ರಿಯೆಲ್ಲ ಕುಳಿತವರ ತಲೆಯ ಮೇಲೆ.

ಲೆಕ್ಕ ಬಲ್ಲವರು ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಬರೆಯುತ್ತಾರೆ. ತಂತಿಗೂ ಅದೇ ನ್ಯಾಯ. ಮುರಿಯುವವರೆಗೆ ಕಾಯುವುದು ಉಳಿತಾಯವಲ್ಲ, ಮುಂದೂಡಿದ ನಷ್ಟ. ಪಕ್ಕದ ತಂತಿಯಲ್ಲಿ ಸಾಮಾನ್ಯವಾಗಿ 19 ಉಕ್ಕಿನ ಎಳೆಗಳಿರುತ್ತವೆ. ಇದು ಬಹುಮಟ್ಟಿಗೆ ಸೋಲುವುದು ನಡುವಿನಲ್ಲಲ್ಲ. ತುದಿಯ ಕುಣಿಕೆಯನ್ನು ಒತ್ತಿ ಬಿಗಿದ ಲೋಹದ ತೋಳಿನ ಬಾಯಲ್ಲಿ. ಉಪ್ಪುನೀರು ಅಲ್ಲಿಯೇ ತಂಗುತ್ತದೆ, ಬಾಗುವಿಕೆಯೂ ಅಲ್ಲಿಯೇ ಹೆಚ್ಚು. ಕಂದು ಕಲೆ ಕಂಡರೆ ಅನುಮಾನಿಸಬೇಕು. ತಂತಿಯ ಮೇಲೆ ಹತ್ತಿಯನ್ನು ಸವರಿದರೆ ತುಂಡಾದ ಎಳೆ ಅದನ್ನು ಹಿಡಿದುಕೊಳ್ಳುತ್ತದೆ. ಬರಿಗೈಯಿಂದ ಸವರಿದವರ ಬೆರಳು ಸೀಳುವುದು ಖಂಡಿತ. ಹಾಗಾದಲ್ಲಿ ಗಾಯವನ್ನು ಸಾಬೂನಿನಿಂದ ತೊಳೆದು, ಟೆಟನಸ್ ಚುಚ್ಚುಮದ್ದು ಪಡೆದು ಎಷ್ಟು ವರ್ಷವಾಯಿತೆಂದು ವೈದ್ಯರಿಗೆ ತಿಳಿಸಬೇಕು. ಒಂದೇ ಎಳೆ ಮುರಿದಿದ್ದರೂ ಇಡೀ ತಂತಿಯನ್ನು ಬದಲಿಸತಕ್ಕದ್ದು. ಎರಡು ಪಕ್ಕದ ತಂತಿಗಳನ್ನೂ ಜೊತೆಯಾಗಿಯೇ ಬದಲಿಸುವುದು ಕ್ಷೇಮ, ಏಕೆಂದರೆ ಅವೆರಡರ ವಯಸ್ಸೂ ಒಂದೇ.

ಮರಕ್ಕೆ ಬಿಗಿದ ರಿವೆಟ್ಟುಗಳ ಕಥೆ ಬೇರೆ. ಅಲ್ಯೂಮಿನಿಯಮ್ಮೂ ಸ್ಟೇನ್‌ಲೆಸ್ ಸ್ಟೀಲೂ ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅದೊಂದು ಪುಟ್ಟ ಬ್ಯಾಟರಿಯೇ ಸರಿ. ಸವೆಯುವ ಸರದಿ ಅಲ್ಯೂಮಿನಿಯಮ್ಮಿನದು. ರಿವೆಟ್ಟಿನ ಸುತ್ತ ಬಿಳಿಯ ಪುಡಿ ಕಾಣಿಸಿಕೊಳ್ಳುವುದು ಇದರ ಲಕ್ಷಣ. ಆಗ ಮರವನ್ನು ಇಳಿಸಿ, ಕಣ್ಣಿಗೆ ಕನ್ನಡಕ ಧರಿಸಿ, ರಿವೆಟ್ಟಿನ ತಲೆಯನ್ನು ಮಾತ್ರ ಡ್ರಿಲ್ಲಿನಿಂದ ಕೊರೆದು ತೆಗೆಯಬೇಕು. ತೂತು ಹಿಗ್ಗಿದ್ದರೆ ಹಳೆಯ ಅಳತೆಯ ರಿವೆಟ್ಟು ನಿಲ್ಲದು. ಹೊಸದನ್ನು ಕೂರಿಸುವ ಮುನ್ನ ಎರಡು ಲೋಹಗಳ ನಡುವೆ ತುಕ್ಕುನಿರೋಧಕ ಲೇಪವನ್ನು ಹಚ್ಚುವುದು ಅವಶ್ಯ. ತೂತುಗಳನ್ನು ನೀರು ನುಗ್ಗದಂತೆ ಮುಚ್ಚುವುದನ್ನು ಎಷ್ಟೋ ಜನ ಅಲಂಕಾರವೆಂದು ಭಾವಿಸುತ್ತಾರೆ. ದೋಣಿ ಮಗುಚಿದಾಗ ಗಾಳಿ ತುಂಬಿದ ಮರ ತೇಲಿ ಅದನ್ನು ಪಕ್ಕಕ್ಕೆ ಮಲಗಿಸಿ ಹಿಡಿಯುತ್ತದೆ. ನೀರು ತುಂಬಿದ ಮರವೋ ಮುಳುಗಿ ದೋಣಿಯನ್ನು ಪೂರ್ತಿ ತಲೆಕೆಳಗು ಮಾಡುತ್ತದೆ.

ಎಷ್ಟೇ ಅಣಿಮಾಡಿದರೂ ಸಾಗರ ಕೆಲವೊಮ್ಮೆ ಗೆಲ್ಲುತ್ತದೆ. ಏಕಾಂಗಿಯಾಗಿ ಭೂಪ್ರದಕ್ಷಿಣೆಗೆ ಹೊರಟಿದ್ದ ನೌಕಾಪಡೆಯ ಅಭಿಲಾಷ್ ಟಾಮಿಯವರ ತುರೀಯ ದೋಣಿ 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಕೂವೆಮರವನ್ನು ಕಳೆದುಕೊಂಡಿತು. ಅವರ ಬೆನ್ನುಮೂಳೆ ಜಖಂಗೊಂಡಿತು. ಮೂರು ದಿನಗಳ ಬಳಿಕ ಓಸಿರಿಸ್ ಎಂಬ ಫ್ರೆಂಚ್ ನೌಕೆ ಅವರನ್ನು ಎತ್ತಿಕೊಂಡಿತು. ಶಸ್ತ್ರಚಿಕಿತ್ಸೆಯಾಗಿ ಮತ್ತೆ ನಡೆಯಲು ಕಲಿತ ಅದೇ ಮನುಷ್ಯ 2023ರಲ್ಲಿ ಆ ಸ್ಪರ್ಧೆಯನ್ನು ಎರಡನೆಯವರಾಗಿ ಮುಗಿಸಿದರು. ಬಿರುಗಾಳಿ ಮುರಿದರೆ ಅದು ದುರದೃಷ್ಟ; ಸವೆದ ಪಿನ್ನು ಮುರಿದರೆ ಹಾಗೆನ್ನುವುದು ಕಷ್ಟ.

ಮರವನ್ನು ಮರಳಿ ಎತ್ತುವಾಗ ಮೊದಲು ನೋಡಬೇಕಾದುದು ಮೇಲಕ್ಕೆ. ಅಲ್ಯೂಮಿನಿಯಂ ಮರ ವಿದ್ಯುತ್ ತಂತಿಗೆ ತಗುಲಿ ಜೀವಹಾನಿಯಾದ ಪ್ರಸಂಗಗಳಿಂದಲೇ ಹೋಬಿ 16ರ ಮರದ ಮೇಲ್ತುದಿಗೆ ವಿದ್ಯುತ್ ಹರಿಯದ ಫೈಬರ್‌ಗ್ಲಾಸ್ ಬಂದಿತು. ಆದರೆ ಕೆಳಗಿನ ಭಾಗ ಇಂದಿಗೂ ಲೋಹವೇ. ಎತ್ತಲು ಇಬ್ಬರಿರಬೇಕು, ಮಕ್ಕಳು ದೂರವಿರಬೇಕು. ಮರ ನಿಂತ ಮೇಲೆ ಸುರುಳಿಬಳೆಗಳಿಗೆ ಟೇಪು ಸುತ್ತಿದರೆ ಹಗ್ಗವಾಗಲಿ ಹಾಯಿಯಾಗಲಿ ಅವನ್ನು ಕೀಳಲಾರದು. ಕಡಲಿನಿಂದ ಬಂದ ದಿನವೆಲ್ಲ ಸಿಹಿನೀರಿನ ಸ್ನಾನ ತಂತಿಗೂ ಆಗಬೇಕು. ಹಳೆಯ ಪಿನ್ನುಗಳನ್ನು ಮಾತ್ರ ಪೆಟ್ಟಿಗೆಯಲ್ಲಿ ಉಳಿಸಿಕೊಳ್ಳದೆ ಅಂದೇ ಎಸೆಯುವುದು ಲೇಸು. ಇಲ್ಲವಾದರೆ ಮುಂದಿನ ರಜೆಯಲ್ಲಿ ಯಾರಾದರೂ ಅವನ್ನೇ ಹೊಸದೆಂದು ತೊಡಿಸಿಯಾರು.