ಮಾವನ ಜೇಬಿನಲ್ಲಿದ್ದ ಬೇರು

ಸೋದರಮಾವ ಆಸ್ಪತ್ರೆಯಿಂದ ಮನೆಗೆ ಬಂದು ಎರಡು ವಾರವಾಗಿತ್ತು. ಹೃದಯಾಘಾತ, ಒಂದು ಸ್ಟೆಂಟ್, ದಿನಕ್ಕೆ ಐದು ಬಗೆಯ ಮಾತ್ರೆ. ನೋಡಿಕೊಂಡು ಬರೋಣವೆಂದು ಹೋದಾಗ ತೀರ್ಥಹಳ್ಳಿ ಕಡೆಯ ಆ ಹಳೆಯ ಮನೆಯ ಜಗಲಿಯಲ್ಲಿ ಕೂತಿದ್ದರು. ಮಾತಿನ ನಡುವೆ ಅಂಗಿ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಡಿಸಿದರು. ಕಿರುಬೆರಳಿನ ದಪ್ಪದ ಸೊಟ್ಟಸೊಟ್ಟ ಬೇರಿನ ತುಂಡುಗಳು. ಬೂದುಗಂದು ಸಿಪ್ಪೆ, ಮುರಿದರೆ ಒಳಗೆ ಮಾಸಲು ಹಳದಿ. ವಾಸನೆ ಇಲ್ಲ. ನಾಲಿಗೆಯ ತುದಿಗೆ ತಾಗಿಸಿದ್ದಷ್ಟೇ, ಆ ಕಹಿ ಮಧ್ಯಾಹ್ನ ಊಟಕ್ಕೆ ಕೂರುವವರೆಗೂ ಬಿಡಲಿಲ್ಲ.

“ಸೂತ್ರನಾಭಿ. ತೇಯ್ದು ಕುಡಿದ್ರೆ ಬೀಪಿ ಇಳೀತದಂತೆ” ಎಂದರು. ನನ್ನ ಮುಖ ನೋಡಿ, “ಬೇರು ಮಾರಾಯ, ಮಾತ್ರೆಯಲ್ಲ. ಇದ್ರಿಂದ ಎಂತ ಆಗ್ತದೆ?” ಎಂದು ನಕ್ಕರು.

ಎಂತ ಆಗ್ತದೆ ಎಂಬ ಆ ಒಂದು ಪ್ರಶ್ನೆಯ ಹಿಂದೆ ನೂರು ವರ್ಷದ ಕತೆಯಿದೆ.

ಸೂತ್ರನಾಭಿ, ಪಾತಾಳಗಂಧಿ, ಸರ್ಪಗಂಧ ಎಂದೆಲ್ಲ ಕರೆಸಿಕೊಳ್ಳುವ ಈ ಗಿಡ ಮಲೆನಾಡಿನ ತೇವದ ಕಾಡಿನ ನೆರಳಿನಲ್ಲಿ ಮೊಣಕಾಲೆತ್ತರಕ್ಕೆ ಬೆಳೆಯುತ್ತದೆ. ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮಾಗಿದರೆ ಕಪ್ಪಾಗುವ ಪುಟ್ಟ ಹಣ್ಣು. ಹಾವು ಕಚ್ಚಿದರೆ ಇದನ್ನು ಕೊಡುತ್ತಿದ್ದರು, ಸರ್ಪಗಂಧ ಎಂಬ ಹೆಸರು ಅದರಿಂದಲೇ ಬಂತು ಎನ್ನುವವರಿದ್ದಾರೆ. ಬಿಹಾರದ ಕಡೆ ಇದು ‘ಪಾಗಲ್ ಕಿ ದವಾ’, ಅಂದರೆ ಹುಚ್ಚಿಗೆ ಮದ್ದು. ಹಟಮಾಡುವ ಕೂಸುಗಳನ್ನು ಮಲಗಿಸಲೂ ಬಳಸುತ್ತಿದ್ದರು. ಮನುಷ್ಯನನ್ನು ತಣ್ಣಗಾಗಿಸುವ ಶಕ್ತಿ ಬೇರಿಗಿದೆ ಎಂಬುದು ಜನರಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಕೊಟ್ಟರೆ ಎಷ್ಟು ತಣ್ಣಗೆ ಎಂಬ ಲೆಕ್ಕ ಮಾತ್ರ ಕೊಡುವವರ ಕೈಯಳತೆಗೆ ಬಿಟ್ಟದ್ದು.

ಲೆಕ್ಕ ಹಾಕುವ ಕೆಲಸ ನಿಜವಾಗಿ ಶುರುವಾದದ್ದು 1931ರಲ್ಲಿ, ಒಂದೇ ವರ್ಷ ಎರಡು ಊರುಗಳಲ್ಲಿ. ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಬುದ್ಧಿಭ್ರಮಣೆಗೂ ಏರಿದ ರಕ್ತದೊತ್ತಡಕ್ಕೂ ಔಷಧಿ ಎಂದು ವೈದ್ಯಪತ್ರಿಕೆಯಲ್ಲಿ ಬರೆದರು. ದೆಹಲಿಯ ಟಿಬ್ಬಿಯಾ ಕಾಲೇಜಿನಲ್ಲಿ ರಸಾಯನಶಾಸ್ತ್ರಜ್ಞ ಸಲೀಮುಝ್ಝಮಾನ್ ಸಿದ್ದೀಕಿ ಬೇರಿನಿಂದ ಹಲವು ಸಾರಗಳನ್ನು ಬೇರ್ಪಡಿಸಿ, ಒಂದಕ್ಕೆ ‘ಅಜ್ಮಲಿನ್’ ಎಂದು ಹೆಸರಿಟ್ಟರು. ತನ್ನನ್ನು ಈ ಕೆಲಸಕ್ಕೆ ಕರೆತಂದು, ನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದ ಹಕೀಂ ಅಜ್ಮಲ್ ಖಾನರ ನೆನಪಿಗೆ. ಯುನಾನಿ ಹಕೀಮರೊಬ್ಬರು ಜರ್ಮನಿಯಲ್ಲಿ ಕಲಿತ ತರುಣನನ್ನು ಕರೆದು, ನಮ್ಮ ಮದ್ದುಗಳ ಒಳಗೇನಿದೆ ನೋಡು ಎಂದು ಪ್ರಯೋಗಾಲಯ ಒಪ್ಪಿಸಿದ್ದು ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಪ್ರೀತಿಯ ಘಟನೆ. ತನ್ನ ಪರಂಪರೆಯ ಮೇಲೆ ಗಟ್ಟಿ ನಂಬಿಕೆ ಇರುವವರಿಗೆ ಮಾತ್ರ ಅದನ್ನು ಒರೆಗೆ ಹಚ್ಚುವ ಧೈರ್ಯ ಇರುತ್ತದೆ.

ಅದೇ ಸುಮಾರಿಗೆ, 1930ರಲ್ಲಿ, ಡೆಹ್ರಾಡೂನಿನಲ್ಲಿ ಮೊಹಮ್ಮದ್ ಮನಾಲ್ ಎಂಬವರು ಹಿಮಾಲಯ ಡ್ರಗ್ ಕಂಪನಿ ಶುರುಮಾಡಿದ್ದರು. ಬರ್ಮಾದಲ್ಲಿ ಕೆರಳಿದ ಆನೆಗಳಿಗೆ ಈ ಬೇರನ್ನು ತಿನ್ನಿಸಿ ಸಮಾಧಾನ ಮಾಡುವುದನ್ನು ಅವರು ಕಂಡರೆಂದೂ, ತಾಯಿಯ ಬಳೆಗಳನ್ನು ಅಡವಿಟ್ಟು ಮಾತ್ರೆ ಒತ್ತುವ ಕೈಯಂತ್ರ ಕೊಂಡರೆಂದೂ ಕಂಪನಿ ಹೇಳಿಕೊಂಡು ಬಂದಿದೆ. 1934ರಲ್ಲಿ ‘ಸರ್ಪಿನಾ’ ಮಾತ್ರೆ ಬಂತು. ಆ ಕಂಪನಿ ಇಂದು ನಮ್ಮ ಬೆಂಗಳೂರಿನಲ್ಲೇ ನೆಲೆಸಿದೆ.

ಭಾರತದ ಆಚೆ ಆಗಿನ ಜಗತ್ತಿಗೆ ರಕ್ತದೊತ್ತಡಕ್ಕೆ ಹೇಳಿಕೊಳ್ಳುವಂಥ ಮದ್ದೇ ಇರಲಿಲ್ಲ ಎನ್ನುವುದನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ವೈದ್ಯರು ಬರೆದುಕೊಂಡ ಒತ್ತಡ 300/190. ಅಷ್ಟು ದೊಡ್ಡ ಮನುಷ್ಯನಿಗೆ ಅವರಿಂದ ಕೊಡಲು ಆದದ್ದು ಹೆಚ್ಚುಕಡಿಮೆ ವಿಶ್ರಾಂತಿ, ಪಥ್ಯ, ಹೃದಯಕ್ಕೆ ಡಿಜಿಟಾಲಿಸ್, ಅಷ್ಟೇ.

ಮುಂಬಯಿಯ ಕೆಇಎಂ ಆಸ್ಪತ್ರೆಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಆ ಹೊತ್ತಿಗೆ ವರ್ಷಗಟ್ಟಲೆ ಸರ್ಪಗಂಧ ಕೊಡುತ್ತಿದ್ದರು. ಕೊಡುವುದರಲ್ಲಿ ಹೊಸತೇನಿಲ್ಲ, ದೇಶದ ಬಹಳಷ್ಟು ವೈದ್ಯರು ಕೊಡುತ್ತಿದ್ದರು. ವಕೀಲರು ಬರೆದಿಟ್ಟರು. 50 ರೋಗಿಗಳನ್ನು ಆರಿಸಿ, ಮಾತ್ರೆಗೆ ಮೊದಲು ಎಷ್ಟು, ವಾರಗಳ ನಂತರ ಎಷ್ಟು, ನಿಲ್ಲಿಸಿದ ಮೇಲೆ ಎಷ್ಟು ಎಂದು ಅಳೆದರು. ಮಾತ್ರೆಯಿಂದ ಆದ ತೊಂದರೆಗಳನ್ನೂ ಗಮನಿಸಿದರು. 1949ರಲ್ಲಿ ಆ ಬರಹ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅಚ್ಚಾಯಿತು. ಅದನ್ನು ಓದಿದ ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಭಾರತದಿಂದ ಮಾತ್ರೆ ತರಿಸಿ ತಮ್ಮ ರೋಗಿಗಳಿಗೆ ಕೊಟ್ಟು ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸಾರ ‘ರಿಸರ್ಪಿನ್’ ಅನ್ನು ಬೇರ್ಪಡಿಸಿದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ದಿನ ಬಂದದ್ದು 1967ರಲ್ಲಿ. ಒತ್ತಡ ಇಳಿಸಿದರೆ ಜೀವ ಉಳಿಯುತ್ತದೆಯೇ, ಬರೀ ಅಂಕಿ ಇಳಿಯುತ್ತದೆಯೇ ಎಂದು ಅಲ್ಲಿಯವರೆಗೆ ಯಾರೂ ಖಚಿತವಾಗಿ ತೋರಿಸಿರಲಿಲ್ಲ. ಎಡ್ವರ್ಡ್ ಫ್ರೈಸ್ ಮುಂದಾಳತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ತೀವ್ರ ಒತ್ತಡದ 143 ಮಂದಿಯನ್ನು ಎರಡು ಗುಂಪು ಮಾಡಿದವು. ಒಂದಕ್ಕೆ ಮೂರು ಔಷಧಿ, ಇನ್ನೊಂದಕ್ಕೆ ಮದ್ದಿಲ್ಲದ ಮಾತ್ರೆ. ಮದ್ದಿಲ್ಲದವರಲ್ಲಿ 27 ಮಂದಿಗೆ ಗಂಭೀರ ಅನಾಹುತವಾದರೆ ಮದ್ದು ತೆಗೆದುಕೊಂಡವರಲ್ಲಿ ಇಬ್ಬರಿಗೆ. ಇಂದು ಕೋಟ್ಯಂತರ ಜನ ಬೀಪಿ ಮಾತ್ರೆ ನುಂಗುವುದಕ್ಕೆ ಆಧಾರ ಹಾಕಿದ್ದು ಆ ಪರೀಕ್ಷೆ. ಆ ಮೂರು ಔಷಧಿಗಳಲ್ಲಿ ಒಂದು, ನಮ್ಮ ಕಾಡಿನ ಈ ಬೇರಿನ ರಿಸರ್ಪಿನ್.

ಅದು ಕೆಲಸ ಮಾಡುವ ಬಗೆ ಹೀಗೆ. ನರದ ತುದಿಗಳಲ್ಲಿ ನಾರ್ಅಡ್ರಿನಲಿನ್ ತುಂಬಿಟ್ಟುಕೊಂಡ ಸೂಕ್ಷ್ಮ ಚೀಲಗಳಿರುತ್ತವೆ. ರಕ್ತನಾಳ ಬಿಗಿಯುವುದು, ಹೃದಯ ಜೋರಾಗಿ ಬಡಿಯುವುದು ಅದರ ಅಪ್ಪಣೆಯಂತೆ. ರಿಸರ್ಪಿನ್ ಆ ಚೀಲಗಳಿಗೆ ಮತ್ತೆ ಸರಕು ತುಂಬದಂತೆ ಬಾಯಿ ಮುಚ್ಚಿಬಿಡುತ್ತದೆ. ದಾಸ್ತಾನು ಬರಿದಾಗುತ್ತದೆ, ನಾಳ ಸಡಿಲವಾಗುತ್ತದೆ, ನಾಡಿ ನಿಧಾನವಾಗುತ್ತದೆ. ಪೂರ್ತಿ ಪರಿಣಾಮ ಕಾಣಲು ಎರಡು ಮೂರು ವಾರ ಬೇಕು, ಬಿಟ್ಟ ಮೇಲೂ ದಿನಗಟ್ಟಲೆ ಉಳಿಯುತ್ತದೆ. ಮಿದುಳಿನಲ್ಲೂ ಅಂಥವೇ ಚೀಲಗಳಿವೆ. ಹೆಚ್ಚು ಪ್ರಮಾಣ ತೆಗೆದುಕೊಂಡ ಕೆಲವರು ಮಂಕು ಕವಿದು ಕೂತದ್ದು, ಬದುಕೇ ಬೇಡವೆಂದದ್ದು ಐವತ್ತರ ದಶಕದಲ್ಲೇ ದಾಖಲಾಯಿತು. ಆಮೇಲೆ ವೈದ್ಯರು ಪ್ರಮಾಣ ಇಳಿಸುತ್ತಾ ಬಂದು ದಿನಕ್ಕೆ 0.25 ಮಿಲಿಗ್ರಾಂ, ಅದಕ್ಕೂ ಕಡಿಮೆಗೆ ನಿಲ್ಲಿಸಿದರು. ಹೊಸ ಮದ್ದುಗಳು ಬಂದ ಮೇಲೆ ಬಳಕೆಯೂ ಕಡಿಮೆಯಾಯಿತು. ಸಿದ್ದೀಕಿಯವರ ಅಜ್ಮಲಿನ್ ಹೃದಯದ ವಿದ್ಯುತ್ ಹರಿವನ್ನೇ ಮುಟ್ಟುವಂಥದು. ಯುರೋಪಿನ ಆಸ್ಪತ್ರೆಗಳಲ್ಲಿ ಅದನ್ನು ಈಗಲೂ ಚುಚ್ಚಿ, ಇಸಿಜಿ ನೋಡುತ್ತಾ, ಅಡಗಿಕೊಂಡ ಬ್ರುಗಾಡ ಎಂಬ ಲಯದೋಷವನ್ನು ಪತ್ತೆಮಾಡುತ್ತಾರೆ.

ಇವೆಲ್ಲ ಒಂದೇ ಬೇರಿನಲ್ಲಿ, ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಇವೆ. ಕಲ್ಲಿನ ಮೇಲೆ ತೇಯ್ದಾಗ ಬಟ್ಟಲಿಗೆ ಎಷ್ಟು ಇಳಿಯಿತು ಎಂದು ಹೇಳುವವರು ಯಾರು?

ಮಾವನ ಔಷಧಿ ಚೀಟಿ ತರಿಸಿ ನೋಡಿದೆ. ಅದರಲ್ಲಿ ಮೆಟೊಪ್ರೊಲಾಲ್ ಇತ್ತು. ಅದೂ ನಾಡಿಯನ್ನು ನಿಧಾನಿಸುವ ಮಾತ್ರೆ. ಇವೆರಡೂ ಸೇರಿದರೆ ಒತ್ತಡವೂ ನಾಡಿಯೂ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. “ಎದ್ದಾಗ ತಲೆ ತಿರುಗ್ತದಾ ಮಾವ?” ಎಂದೆ. ಅತ್ತೆ ಒಳಗಿನಿಂದಲೇ, “ನಿನ್ನೆ ಬಚ್ಚಲಲ್ಲಿ ಗೋಡೆ ಹಿಡ್ಕೊಂಡು ನಿಂತಿದ್ರು, ಹೇಳ್ಲಿಲ್ವಾ?” ಎಂದರು. ಮಣಿಕಟ್ಟು ಹಿಡಿದು ಗಡಿಯಾರ ನೋಡಿದೆ. ನಿಮಿಷಕ್ಕೆ 48.

ಈ ಬೇರಿನ ಕತೆಯನ್ನು ಅವರಿಗೆ ನಾನು ಹೇಳಿದ್ದು ಹೆದರಿಸಲಿಕ್ಕಲ್ಲ. ನಮ್ಮ ಕಾಡಿನದ್ದೊಂದು ಜಗತ್ತಿಗೆ ಎಂಥ ಉಪಕಾರ ಮಾಡಿದೆ ಎಂಬ ಹೆಮ್ಮೆಯಿಂದ. ಅವರು ತಡೆಯದೆ ಕೇಳಿದರು. ವಕೀಲರ 50 ರೋಗಿಗಳ ವಿಷಯ ಬಂದಾಗ, “ನಿಲ್ಲಿಸಿದ ಮೇಲೂ ನೋಡಿದ್ರಾ?” ಎಂದು ಕೇಳಿದರು. ಅಡಿಕೆ ವ್ಯವಹಾರದ ಲೆಕ್ಕ ಬರೆದು ಪಳಗಿದ ಮನುಷ್ಯ.

ಸಂಜೆ ಆಸ್ಪತ್ರೆಗೆ ಫೋನ್ ಮಾಡಿದೆವು. ಬೇರು ಈಗಲೇ ನಿಲ್ಲಿಸಿ, ಬೆಳಿಗ್ಗೆ ಬರುವಾಗ ಆ ಪೊಟ್ಟಣವನ್ನೂ ತನ್ನಿ ಎಂದರು. ರಾತ್ರಿ ಮಲಗುವ ಮುನ್ನ ಮಾವ ಫೈಲು ತೆಗೆದು, ಮಾತ್ರೆಗಳ ಪಟ್ಟಿಯ ಕೆಳಗೆ ತಮ್ಮ ಗುಂಡು ಅಕ್ಷರದಲ್ಲಿ ಬರೆದರು: ಸೂತ್ರನಾಭಿ ಬೇರು, ಬೆಳಿಗ್ಗೆ ಒಂದು ಸಲ, ಆರು ದಿನ. ಸ್ವಲ್ಪ ಯೋಚಿಸಿ, ತುಂಡಿನ ಪಕ್ಕ ತೋರುಬೆರಳಿಟ್ಟು ನೋಡಿ, “ಅರ್ಧ ಬೆರಳು” ಎಂದು ಸೇರಿಸಿದರು.