ಸರ್ವರ್ ನವೀಕರಣ: ಮೆಮೊರಿಯ ಮಿತಿ ಅರಿಯದೆ ಹಣ ಹೂಡದಿರಿ

ಲೆಕ್ಕಪತ್ರ, ದಾಸ್ತಾನು, ಬಿಲ್ಲಿಂಗ್ ಎಲ್ಲವೂ ಒಂದೇ ಸರ್ವರನ್ನು ಅವಲಂಬಿಸಿರುವ ಸಂಸ್ಥೆಗಳಲ್ಲಿ ಕೆಲಸ ನಿಧಾನವಾದೊಡನೆ ಹೊಳೆಯುವ ಪರಿಹಾರವೆಂದರೆ ಹೆಚ್ಚುವರಿ ರ‍್ಯಾಮ್ ಅಳವಡಿಕೆ. ಆದರೆ ಅಳವಡಿಸಿದ ರ‍್ಯಾಮ್ ಪೂರ್ಣವಾಗಿ ಬಳಕೆಗೆ ಬರುವುದೇ ಎಂಬುದು ಯಂತ್ರವನ್ನಷ್ಟೇ ಅಲ್ಲದೆ, ಕಾರ್ಯಾಚರಣಾ ವ್ಯವಸ್ಥೆಯ ಆವೃತ್ತಿಯನ್ನೂ ಪರವಾನಗಿಯ ದರ್ಜೆಯನ್ನೂ ಅವಲಂಬಿಸಿರುತ್ತದೆ.

ಮಿತಿಯ ಮೂಲ

32 ಬಿಟ್‌ನ ವಿಳಾಸದಿಂದ ಗುರುತಿಸಬಹುದಾದ ಬೈಟುಗಳು 4,29,49,67,296. ಅಂದರೆ 4 ಜಿಬಿ. ವಿಂಡೋಸ್ ಸರ್ವರ್ 2003ರ 32 ಬಿಟ್ ಸ್ಟ್ಯಾಂಡರ್ಡ್ ಆವೃತ್ತಿಯ ಮಿತಿ ಇಷ್ಟೇ ಆಗಿತ್ತು. ಎಂಟರ್‌ಪ್ರೈಸ್ ಆವೃತ್ತಿಯಾದರೋ ವಿಳಾಸ ವಿಸ್ತರಣಾ ತಂತ್ರದಿಂದ 32 ಬಿಟ್‌ನಲ್ಲಿಯೇ 32 ಜಿಬಿಯನ್ನು ಬಳಸುತ್ತಿತ್ತು. ಮಿತಿಯು ತಾಂತ್ರಿಕವಾದಷ್ಟೇ ವಾಣಿಜ್ಯಿಕವೂ ಹೌದೆಂಬುದು ಇದರಿಂದ ಸ್ಪಷ್ಟ.

64 ಬಿಟ್‌ನಲ್ಲಿ ಮಾತ್ರ ಲಭ್ಯವಾದ 2008 ಆರ್2ರಲ್ಲಿಯೂ ಫೌಂಡೇಶನ್‌ಗೆ 8 ಜಿಬಿ, ಸ್ಟ್ಯಾಂಡರ್ಡ್‌ಗೆ 32 ಜಿಬಿ, ಎಂಟರ್‌ಪ್ರೈಸ್‌ಗೆ 2 ಟಿಬಿ ಮಿತಿಯಿತ್ತು. ಸ್ಟ್ಯಾಂಡರ್ಡ್ ಇರುವ ಯಂತ್ರಕ್ಕೆ 48 ಜಿಬಿ ಹಾಕಿಸಿದರೆ 16 ಜಿಬಿ ನಿರುಪಯುಕ್ತ ಬಂಡವಾಳ. 2012ರ ಸ್ಟ್ಯಾಂಡರ್ಡ್‌ನಲ್ಲಿ ಮಿತಿ 4 ಟಿಬಿಗೆ ಏರಿತು.

ದತ್ತಾಂಶ ತಂತ್ರಾಂಶಕ್ಕೂ ತನ್ನದೇ ಮಿತಿಯಿದೆ. ಉಚಿತವಾದ ಎಸ್‌ಕ್ಯೂಎಲ್ ಸರ್ವರ್ 2019 ಎಕ್ಸ್‌ಪ್ರೆಸ್, ದತ್ತಾಂಶದ ತಾತ್ಕಾಲಿಕ ಸಂಗ್ರಹಕ್ಕೆ 1,410 ಎಂಬಿಯನ್ನಷ್ಟೇ ಬಳಸುತ್ತದೆ. ರ‍್ಯಾಮ್ ಎಷ್ಟಿದ್ದರೂ ಇದು ಬದಲಾಗದು.

ಮರುಸ್ಥಾಪನೆಯ ಮುನ್ನ

32 ಬಿಟ್ ವಿಂಡೋಸ್ ಮೇಲೆಯೇ 64 ಬಿಟ್ ಆವೃತ್ತಿಗೆ ನವೀಕರಿಸಲು ಸಾಧ್ಯವಿಲ್ಲ, ಹೊಸದಾಗಿ ಸ್ಥಾಪಿಸಬೇಕು. ಡಾಸ್ ಕಾಲದ 16 ಬಿಟ್ ಲೆಕ್ಕದ ತಂತ್ರಾಂಶಗಳು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ನಡೆಯವು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕಕ್ಕೆ 64 ಬಿಟ್ ಡ್ರೈವರ್ ಇದೆಯೇ ಎಂಬುದನ್ನೂ ಮೊದಲೇ ವಿಚಾರಿಸಬೇಕು.

ಬ್ಯಾಕಪ್ ತೆಗೆದಿರಿಸಿದರಷ್ಟೇ ಸಾಲದು; ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸತಕ್ಕದ್ದು. ಸ್ಥಳಾಂತರದ ಮುನ್ನ ಹಾಗೂ ನಂತರದ ತಾಳೆಪಟ್ಟಿ, ದಾಸ್ತಾನಿನ ಮೊತ್ತ, ಕೊನೆಯ ಬಿಲ್ ಸಂಖ್ಯೆಗಳು ಹೊಂದಿಕೆಯಾದ ಮೇಲೆಯೇ ಹಳೆಯ ಯಂತ್ರವನ್ನು ವಿಲೇವಾರಿ ಮಾಡುವುದು ಕ್ಷೇಮ. ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ವರ್ಷ ಕಾಯ್ದಿಡಬೇಕೆಂಬುದು 2013ರ ಕಂಪನಿ ಕಾಯಿದೆಯ ವಿಧಿ. ಜಿಎಸ್‌ಟಿ ದಾಖಲೆಗಳಿಗೆ ವಾರ್ಷಿಕ ರಿಟರ್ನ್‌ನ ಅಂತಿಮ ದಿನದಿಂದ 72 ತಿಂಗಳ ಅವಧಿಯಿದೆ. ಹಳೆಯ ದತ್ತಾಂಶವನ್ನು ಓದಲಾಗದ ಹೊಸ ಸರ್ವರ್ ಕಾನೂನಿನ ದೃಷ್ಟಿಯಲ್ಲಿ ಸಮರ್ಥನೆಯಾಗದು.

ಬೆಂಬಲದ ಅವಧಿ

ತಯಾರಕರ ಸಾಮಾನ್ಯ ಬೆಂಬಲವು 2003ಕ್ಕೆ 14-7-2015ರಂದು, 2008 ಆರ್2ಕ್ಕೆ 14-1-2020ರಂದು, 2012 ಆರ್2ಕ್ಕೆ 10-10-2023ರಂದು ಕೊನೆಗೊಂಡಿತು. ಇಂತಹ ಸರ್ವರಿಗೆ ರ‍್ಯಾಮ್ ಕೊಳ್ಳುವ ಬದಲು ಆ ಹಣವನ್ನು ಬದಲಾವಣೆಗೇ ಮೀಸಲಿಡುವುದು ವಿವೇಕ. ದರಪಟ್ಟಿ ತರಿಸುವಾಗ ಆವೃತ್ತಿ, ದರ್ಜೆ, ಮೆಮೊರಿಯ ಮಿತಿ, ಬೆಂಬಲದ ಕೊನೆಯ ದಿನ ಇವು ನಾಲ್ಕನ್ನೂ ಲಿಖಿತವಾಗಿ ಪಡೆದುಕೊಳ್ಳುವುದು ಒಳಿತು.