ಸೀಳಿದ ಧಮನಿಗೆ ಒಳಗಿನ ಆಸರೆ

ಕನ್ನಡ ಪಾಠ ಹೇಳಿ ನಿವೃತ್ತನಾದವನು ಮಿದುಳಿನ ಧಮನಿಗಳ ಕುರಿತು ಮಾತನಾಡುವುದೇನು ಎಂದು ಕೇಳುಗರಿಗೆ ತೋರಬಹುದು. ಎರಡು ವರ್ಷಗಳ ಹಿಂದೆ ನನ್ನ ತಮ್ಮನಿಗಾಗಿ ಆಸ್ಪತ್ರೆಯ ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕಾಯಿತು. ಅರ್ಥವಾಗದ ಮಾತಿಗೆ ಒಪ್ಪುವುದೆಂತು? ವೈದ್ಯರನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಧಮನಿಯ ಗೋಡೆಗೆ ಮೂರು ಪದರಗಳು. ಒಳಪದರ ಹರಿದರೆ ರಕ್ತವು ಪದರಗಳ ನಡುವೆ ನುಗ್ಗಿ ಅವನ್ನು ಬೇರ್ಪಡಿಸುತ್ತದೆ, ನೀರಿಳಿದ ಗೋಡೆಯ ಗಿಲಾವು ಉಬ್ಬುವಂತೆ. ಕೊರಳಿನ ಧಮನಿಯಲ್ಲಿ ಹೀಗಾದರೆ ಹೊರಪದರ ಬಹುಮಟ್ಟಿಗೆ ತಡೆದೀತು. ತಲೆಬುರುಡೆಯೊಳಗಿನ ಧಮನಿಗಳಿಗೆ ಆ ಭಾಗ್ಯವಿಲ್ಲ. ಅವುಗಳ ಹೊರಪದರ ಬಲು ತೆಳು. ಕತ್ತಿನ ಮೂಳೆಗಳ ರಂಧ್ರಗಳಲ್ಲಿ ಹಾದು ಮೇಲೇರುವ ಜೋಡಿ ಧಮನಿಗಳಲ್ಲಿ ಒಂದು, ಬುರುಡೆಯನ್ನು ಹೊಕ್ಕ ಮೇಲೆ ಹೀಗೆ ಒಡೆಯುವುದುಂಟು. ಊಟಕ್ಕೆ ಕುಳಿತಿದ್ದ ತಮ್ಮ ಸಿಡಿಲು ಬಡಿದವನಂತೆ ಹಿಂದಲೆ ಹಿಡಿದುಕೊಂಡದ್ದು ಇದರಿಂದಲೇ. ಒಮ್ಮೆ ಒಡೆದದ್ದು ಮತ್ತೆ ಒಡೆಯುವ ಭಯ ಮೊದಲ ದಿನವೇ ಅತಿ ಹೆಚ್ಚು.

ಆ ಧಮನಿಯನ್ನೇ ಮುಚ್ಚಿಬಿಡುವುದು ಹಳೆಯ ಉಪಾಯ. ಜೋಡಿಯ ಇನ್ನೊಂದು ದೃಢವಾಗಿದ್ದರೆ ಅದು ಇಂದಿಗೂ ಒಳ್ಳೆಯ ದಾರಿಯೇ. ತಮ್ಮನಲ್ಲಿ ಆ ಇನ್ನೊಂದು ಹುಟ್ಟಿನಿಂದಲೇ ಸಣ್ಣದು. ಮೇಲಾಗಿ ಒಡೆದೆಡೆಯಿಂದಲೇ ಕಿರುಮಿದುಳಿಗೆ ಕವಲೊಂದು ಹೊರಟಿತ್ತು. ಉಳಿದದ್ದು ಸ್ಟೆಂಟು. ತೊಡೆಸಂದಿನ ಧಮನಿಯಿಂದ ಸಪೂರ ನಳಿಕೆಯನ್ನೇರಿಸಿ, ಕ್ಷ-ಕಿರಣದ ತೆರೆಯನ್ನು ನೋಡುತ್ತ, ಲೋಹದ ಹೆಣಿಗೆಯ ಕೊಳವೆಯನ್ನು ಹರಿದ ಜಾಗದಲ್ಲಿ ಅರಳಿಸುತ್ತಾರೆ. ಅದು ಸೀಳಿದ ಪದರವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಹೆಣಿಗೆ ಒತ್ತಾಗಿದ್ದರೆ ಉಬ್ಬಿನೊಳಕ್ಕೆ ನುಗ್ಗುವ ರಕ್ತದ ರಭಸವನ್ನೂ ಕುಗ್ಗಿಸುತ್ತದೆ. ಬದುಕಿರುವವರ ಮಿದುಳಿನ ರಕ್ತನಾಳಗಳನ್ನು ಕ್ಷ-ಕಿರಣದಲ್ಲಿ ಮೊದಲು ಕಾಣಿಸಿದವನು 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್. 'ಸ್ಟೆಂಟ್' ಎಂಬ ಪದವಂತೂ ಹತ್ತೊಂಬತ್ತನೆಯ ಶತಮಾನದ ಆಂಗ್ಲ ದಂತವೈದ್ಯ ಚಾರ್ಲ್ಸ್ ಸ್ಟೆಂಟನ ಹೆಸರಿನಿಂದ ಬಂದದ್ದೆಂದು ಬಲ್ಲವರಲ್ಲಿ ಹೆಚ್ಚಿನವರ ಮತ. ಪದಗಳ ಹುಚ್ಚಿನವನಾದ ನಾನು ಆ ಹೊತ್ತಿನಲ್ಲೂ ಇದನ್ನು ಕೆದಕಿದೆನೆಂದು ನಾಚಿಕೊಳ್ಳುತ್ತೇನೆ.

ಇಕ್ಕಟ್ಟು ಇರುವುದು ಮುಂದೆ. ಲೋಹದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಧಮನಿಯೇ ಮುಚ್ಚೀತು. ಅದಕ್ಕಾಗಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂತಹ ಔಷಧಿಗಳು ಬೇಕು. ಆಗತಾನೆ ಒಡೆದ ಗೋಡೆಗಾದರೋ ಆ ಹೆಪ್ಪೇ ಕಾವಲು. ಒಂದನ್ನು ಉಳಿಸಲು ಕೊಟ್ಟ ಮದ್ದು ಇನ್ನೊಂದನ್ನು ಕೆಡಿಸೀತು. ಒತ್ತಾದ ಹೆಣಿಗೆಯೂ ಅಂದೇ ಉಬ್ಬನ್ನು ಮುಚ್ಚುವುದಿಲ್ಲ. ವಾರಗಳು, ತಿಂಗಳುಗಳು ಬೇಕು. ಆ ನಡುವೆ ಮತ್ತೆ ಒಡೆಯದೆಂಬ ಭರವಸೆಯುಂಟೇ ಎಂದು ಕೇಳಿದೆ. "ಇಲ್ಲ ಸಾರ್, ಸುಮ್ಮನೆ ಬಿಟ್ಟರೆ ಅಪಾಯ ಇದಕ್ಕಿಂತ ಹೆಚ್ಚು, ಅಷ್ಟೇ ಹೇಳಬಲ್ಲೆ" ಎಂದರು ಆ ತರುಣ ವೈದ್ಯರು. ಸಹಿ ಹಾಕಿದೆ.

ಆರು ತಿಂಗಳ ಮೇಲೆ ತೆಗೆದ ಚಿತ್ರದಲ್ಲಿ ಉಬ್ಬು ಕಾಣಲಿಲ್ಲ, ಕವಲು ಹರಿಯುತ್ತಿತ್ತು. ತಮ್ಮ ಈಗ ಆಸ್ಪಿರಿನ್ ಒಂದನ್ನೇ ನುಂಗುತ್ತಾನೆ. ನಡೆಯುವಾಗ ಕೊಂಚ ಎಡಕ್ಕೆ ವಾಲುತ್ತಾನೆ.